ಸೂಜಿ ಮಕ್ಕಳ ಮಾಸ್ತಮ್ಮ

ಬಸ್ಸು ನಿಂತ ಮೇಲೆ ಇಳಿಯಿರಿ ಎಂದು ಕಂಡಕ್ಟರ್ ಎಷ್ಟು ಸಲ ಹೇಳಿದರೂ ಮಾಸ್ತಮ್ಮ ಹರಿಕಂತ್ರ ಕೇಳುವವರಲ್ಲ. ಭಟ್ಕಳದ ಬಂದರ ರಸ್ತೆಯ ತಿರುವು ಹತ್ತಿರವಾಗುತ್ತಲೇ ಅವರು ಬಾಗಿಲಿಗೆ ಬಂದು ನಿಂತಾಗಿದೆ. ಸೆರಗು ಸೊಂಟಕ್ಕೆ, ಬಟ್ಟೆಚೀಲ ಹೆಗಲಿಗೆ, ಕಣ್ಣು ರಸ್ತೆಗೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ಸು ತುಸು ನಿಧಾನವಾಗುತ್ತದೆ, ಅವರು ಇಳಿದೇಬಿಡುತ್ತಾರೆ. ‘ಬಿದ್ರೆ ನಂಗೆ ಹೇಳ್ಬೇಡಿ ಅಕ್ಕಾ’ ಎಂದು ಕಂಡಕ್ಟರ್ ಹಿಂದಿನಿಂದ ಕೂಗುತ್ತಾನೆ. ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನಾನು ಕ್ಯಾಮೆರಾ ಚೀಲ ಸರಿಮಾಡಿಕೊಂಡು ಮರ್ಯಾದೆಯಿಂದ ಇಳಿಯುವಷ್ಟರಲ್ಲಿ ಅವರು ರಸ್ತೆ ದಾಟಿ ಆ ಕಡೆ ನಿಂತು, ಇದೆಂತ ಇಷ್ಟು ತಡ ಎನ್ನುವ ಹಾಗೆ ನನ್ನನ್ನೇ ನೋಡುತ್ತಿರುತ್ತಾರೆ.

ಈ ದಿನ ಸಂಕಷ್ಟಿ. ಇಡಗುಂಜಿ ಗಣಪತಿಗೆ ಹೊರಟವರಿಂದ ಬಸ್ಸು ತುಂಬಿತ್ತು. ಕ್ರಾಸಿನಲ್ಲಿ ಅವರೆಲ್ಲ ಇಳಿದು ಸೀಟು ಖಾಲಿಯಾದ ಮೇಲೂ ಮಾಸ್ತಮ್ಮ ಕೂರಲಿಲ್ಲ. ಕಂಬ ಹಿಡಿದು ನಿಂತೇ ಬಂದರು. ಯಾಕೆಂದು ಕೇಳಿದೆ. ‘ಕುಂತ್ರೆ ಬೇಡದ್ದೆಲ್ಲ ತಲೆಗೆ ಬತ್ತದೆ. ನಿಂತ್ರೆ ಕಾಲು ನೋವೊಂದೇ ನೆನಪಿರ್ತದೆ’ ಅಂದರು.

ಮಾಸ್ತಮ್ಮ ಹೊನ್ನಾವರದ ಹತ್ತಿರದ ಕರ್ಕಿಯವರು. ವಯಸ್ಸು ಐವತ್ತರ ಆಸುಪಾಸು. ಒಂದು ಪುಟ್ಟ ಟ್ರಸ್ಟಿನ ಪರವಾಗಿ ಭಟ್ಕಳದಿಂದ ಕುಮಟಾದವರೆಗೆ ಟೈಪ್ ಒನ್ ಮಧುಮೇಹದ ಮಕ್ಕಳ ಮನೆಗಳಿಗೆ ಹೋಗಿಬರುವುದು ಅವರ ಕೆಲಸ. ಇದು ದೊಡ್ಡವರಿಗೆ ಬರುವ, ಅನ್ನ ಕಡಿಮೆ ಮಾಡಿ ಮಾತ್ರೆ ನುಂಗಿ ಹತೋಟಿಯಲ್ಲಿಡುವ ಸಕ್ಕರೆ ಕಾಯಿಲೆಯಲ್ಲ. ಈ ಮಕ್ಕಳ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿರುತ್ತದೆ. ದಿನಾ ಚುಚ್ಚಿಕೊಳ್ಳಬೇಕು, ಬದುಕಿರುವಷ್ಟು ದಿನವೂ. ಅದಕ್ಕೇ ಕರಾವಳಿಯ ಕೇರಿಗಳಲ್ಲಿ ಇವರನ್ನು ‘ಸೂಜಿ ಮಕ್ಕಳು’ ಅನ್ನುತ್ತಾರೆ. ತಿಂಡಿಗೆ ಮೊದಲು ಸೂಜಿ, ಸೂಜಿಗೆ ಮೊದಲು ಸಕ್ಕರೆ ಅಳೆಯುವ ಮೀಟರ್. ಹಾಗಾಗಿ ಮಾಸ್ತಮ್ಮ ಹೊರಡುವುದು ಮೊದಲ ಬಸ್ಸಿಗೆ. ದಿನಕ್ಕೆ ನಾಲ್ಕೈದು ಮನೆ. ಒಂದು ದಿನ ದಕ್ಷಿಣಕ್ಕೆ, ಮರುದಿನ ಹಳದೀಪುರ, ಕುಮಟಾ ಕಡೆಗೆ.

ಮೊದಲು ಅವರು ಮೀನು ಮಾರುತ್ತಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋಗುವಾಗ ಹೊನ್ನಾವರದ ಡಾಕ್ಟರ್ ಸುಚಿತಾ ಅವರಿಗೂ ಬಂಗಡೆ ಕೊಡುತ್ತಿದ್ದರು. ಆ ಹೊತ್ತಿಗೆ ಮಾಸ್ತಮ್ಮನ ನಾದಿನಿಯ ಮಗ ಒಬ್ಬ ತೀರಿಕೊಂಡಿದ್ದ. ಸಣಕಲಾಗಿದ್ದ, ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಕೊನೆಗೆ ಏದುಸಿರು. ಉಬ್ಬಸ ಎಂದು ಎಲ್ಲರೂ ಎದೆಗೆ ಎಣ್ಣೆ ತಿಕ್ಕಿದರು. ಡಾಕ್ಟರ ಅಂಗಳದಲ್ಲಿ ಮೀನು ಹೆರೆಯುತ್ತ ಈ ಕಥೆ ಹೇಳಿದಾಗ ಸುಚಿತಾ ಕೇಳಿದ ಪ್ರಶ್ನೆಗಳಿಂದಲೇ ಮಾಸ್ತಮ್ಮನಿಗೆ ಅದು ಉಬ್ಬಸವಲ್ಲ ಎಂದು ಗೊತ್ತಾದದ್ದು. ‘ಅವತ್ತು ಮೀನು ಹೆರೀತಾ ಹೆರೀತಾ ಕೈ ಕೊಯ್ಕಂಡೆ’ ಎನ್ನುತ್ತಾರೆ. ಟ್ರಸ್ಟ್ ಶುರುವಾದಾಗ ಕೇರಿಗಳ ಒಳದಾರಿ ಗೊತ್ತಿದ್ದ ಹೆಂಗಸು ಬೇಕಾಗಿತ್ತು. ಬುಟ್ಟಿ ಇಳಿಸಿ ಚೀಲ ಹಾಕಿಕೊಂಡರು. ನಡಿಗೆಯ ವೇಗ ಮಾತ್ರ ಹಳೆಯದೇ, ಹಿಂದೆ ಹೋಗುವವರ ಪಾಡು ದೇವರಿಗೇ ಪ್ರೀತಿ.

ಅವರ ಮಾತಿನ ರೀತಿಯೂ ಹಳೆಯದೇ. ಡಾಕ್ಟರು ಹೇಳಿದ್ದನ್ನೆಲ್ಲ ಅವರು ಕಡಲಿನ, ಮೀನಿನ ಲೆಕ್ಕಕ್ಕೆ ತಂದು ಹೇಳುತ್ತಾರೆ. ಒಂದೇ ಜಾಗಕ್ಕೆ ದಿನಾ ಸೂಜಿ ಹಾಕಬೇಡಿ ಎನ್ನಲು ‘ಒಂದೇ ಕಡೆ ದಿನಾ ಬಲೆ ಬಿಟ್ರೆ ಎಂತ ಸಿಕ್ತದೆ?’ ಎನ್ನುತ್ತಾರೆ. ಇನ್ಸುಲಿನ್ ಬಿಸಿಲಿಗೆ ಕೆಡದಂತೆ ತಣ್ಣಗಿಡಿ ಎನ್ನಲು ‘ಮೀನು ಇಟ್ಟಂಗೆ ಇಡಿ’ ಎನ್ನುತ್ತಾರೆ. ಜನ ನಗುತ್ತಾರೆ, ಮರೆಯುವುದಿಲ್ಲ. ಟ್ರಸ್ಟಿನ ಸಭೆಯಲ್ಲಿ ಇದಕ್ಕೆ ಚಪ್ಪಾಳೆಯೂ ಬಿದ್ದಿದೆ.

ಈ ಬೆಳಿಗ್ಗೆ ಅವರ ತಲೆ ತಿನ್ನುತ್ತಿರುವುದು ಬಂದರ ಕೇರಿಯ ಒಂದು ಮನೆ. ಅಲ್ಲಿನ ಸ್ಮೃತಿ ಆರನೆಯ ತರಗತಿ. ಅಪ್ಪ ದೇವು ಮೊಗೇರ ಬೋಟಿಗೆ ಹೋಗುತ್ತಾನೆ, ಅಮ್ಮ ಪ್ರಿಯಾ ಮೀನು ಒಣಗಿಸುವ ಕೆಲಸಕ್ಕೆ ಹೋಗುತ್ತಾಳೆ, ಅಜ್ಜಿ ಗಂಗಿ ಮನೆಯಲ್ಲಿ. ಬೇಸಿಗೆ ಕಾಲಿಟ್ಟಾಗಿನಿಂದ ಹುಡುಗಿಯ ಸಕ್ಕರೆ ಇಳಿಯುತ್ತಿಲ್ಲ. ಡಾಕ್ಟರ್ ಸುಚಿತಾ ಡೋಸು ಏರಿಸಿದರು, ಇಳಿಯಲಿಲ್ಲ. ಮತ್ತೆ ಏರಿಸಿದರು, ಆಗಲೂ ಇಲ್ಲ. ಇನ್ನು ಉಳಿದದ್ದು ಒಂದೇ ಕಾರಣ ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ಹುಡುಗಿ ಕದ್ದು ಸಿಹಿ ತಿನ್ನುತ್ತಿದ್ದಾಳೆ. ಅಮ್ಮ ಶಾಲೆಯ ಚೀಲ ಹುಡುಕುತ್ತಾಳೆ, ಅಜ್ಜಿ ಸಕ್ಕರೆ ಡಬ್ಬಿ ಅಟ್ಟಕ್ಕೇರಿಸಿದ್ದಾರೆ, ಒಮ್ಮೆ ಬೆನ್ನಿಗೆ ಪೆಟ್ಟೂ ಬಿದ್ದಿದೆ. ‘ನಾನೂ ಬೈದೆ, ಸುಳ್ಳ್ಯಾಕೆ ಹೇಳ್ಲಿ’ ಎಂದು ಮಾಸ್ತಮ್ಮ ನಡೆಯುತ್ತಲೇ ಹೇಳುತ್ತಾರೆ. ‘ಹೋದ್ಸಲ ಬಂದಾಗ, ನಿನ್ನ ಬಾಯಿಗೆ ಬೀಗ ಹಾಕ್ಬೇಕನಾ ಅಂದೆ. ಅದು ಸುಮ್ನೆ ನನ್ನ ಮೋರೆ ನೋಡ್ತು. ಆ ಮೋರೆ ಎರಡು ದಿನದಿಂದ ಕಣ್ಣಿಗೆ ಕಟ್ತದೆ.’

ಮನೆಯ ಬಾಗಿಲಲ್ಲೇ ಪ್ರಿಯಾ ನಿಂತಿದ್ದಾಳೆ. ‘ರಾತ್ರಿಯಿಂದ ವಾಂತಿ ಅಕ್ಕಾ. ನೀರು ಕುಡೀತದೆ, ಕಕ್ತದೆ. ನಿಮ್ಗೆ ಫೋನ್ ಮಾಡ್ವಾ ಅಂತ ಇದ್ದೆ.’

ಸ್ಮೃತಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಭುಜದ ಮೂಳೆ ಫ್ರಾಕಿನೊಳಗಿಂದ ಎದ್ದು ಕಾಣುತ್ತದೆ. ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಾಳೆ, ಆದರೆ ಚಾಪೆ ಬಿಟ್ಟು ಎದ್ದೇ ಇಲ್ಲ.

‘ಪ್ರಸಾದ ತಿಂದದೆ’ ಎಂದು ಗಂಗಿ ಒಳಗಿನಿಂದ ಹೇಳುತ್ತಾರೆ. ‘ಇಡಗುಂಜಿ ಪಂಚಕಜ್ಜಾಯ ಅಟ್ಟದ ಮೇಲೆ ಇಟ್ಟಿದ್ದೆ. ಕಮ್ಮಿ ಆದಂಗೆ ಕಾಣ್ತದೆ. ನಿನ್ನೆಯಿಂದ ಅನ್ನ ಮುಟ್ಲಿಲ್ಲ, ಮತ್ತೆ ಶುಗರ್ ಏರುದು ಹೆಂಗೆ?’

‘ನಾ ತಿನ್ಲಿಲ್ಲ.’ ಸ್ಮೃತಿ ಇದನ್ನು ನಮಗೆ ಹೇಳುವುದಿಲ್ಲ, ಗೋಡೆಗೆ ಹೇಳುತ್ತಾಳೆ.

ಮಾಸ್ತಮ್ಮ ಬೆರಳು ಚುಚ್ಚಿ ಮೀಟರಿಗೆ ರಕ್ತ ಕೊಡುತ್ತಾರೆ. ಮೀಟರ್ ಅಂಕಿ ತೋರಿಸುವುದಿಲ್ಲ. ಅಳೆಯಲಾಗದಷ್ಟು ಮೇಲೆ ಹೋಗಿದೆ ಎಂದು ಎರಡು ಇಂಗ್ಲಿಷ್ ಅಕ್ಷರ ತೋರಿಸುತ್ತದೆ. ಅವರು ಬಗ್ಗಿ ಹುಡುಗಿಯ ಬಾಯಿಯ ಹತ್ತಿರ ಮೂಗು ಒಯ್ಯುತ್ತಾರೆ. ಕಳಿತು ಕೆಡುತ್ತಿರುವ ಹಣ್ಣಿನ ವಾಸನೆ, ನನ್ನ ತನಕ ಬರುತ್ತದೆ. ಸುಚಿತಾಗೆ ಫೋನು, ಆ ಕಡೆಯಿಂದ ತಡವರಿಸದ ಉತ್ತರ. ಇನ್ಸುಲಿನ್ ಸಿಗದೆ ದೇಹ ರಕ್ತವನ್ನೇ ಹುಳಿ ಮಾಡಿಕೊಳ್ಳುತ್ತಿದೆ, ಈಗಲೇ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿ ಸಲೈನು ಹಾಕಿಸಿಕೊಂಡು ನೇರ ಪಕ್ಕದ ಜಿಲ್ಲೆಯ ದೊಡ್ಡಾಸ್ಪತ್ರೆಯ ಮಕ್ಕಳ ತಜ್ಞರ ಹತ್ತಿರ. ಮಾಸ್ತಮ್ಮ ಅದೇ ಕೈಯಲ್ಲಿ ಆಂಬುಲೆನ್ಸಿಗೂ ಫೋನು ಮಾಡುತ್ತಾರೆ.

ಗಂಗಿ ಅಡ್ಡ ಬರುತ್ತಾರೆ. ‘ದೇವು ಬರ್ಲಿ ಮಾರಾಯ್ತಿ. ಬೋಟು ಮಧ್ಯಾಹ್ನಕ್ಕೆ ಬತ್ತದೆ. ಜಿಲ್ಲೆ ದಾಟಿ ಹೋಗುದು ಅಂದ್ರೆ ಎಂತ ಸಸಾರನಾ? ಅಪ್ಪ ಇಲ್ದೆ ಹೆಂಗೆ ಕಳ್ಸುದು?’

ಬೇರೆ ದಿನವಾಗಿದ್ದರೆ ಮಾಸ್ತಮ್ಮ ಕೂತು ಒಪ್ಪಿಸುತ್ತಿದ್ದರೇನೋ. ಇವತ್ತು ನಿಂತಲ್ಲೇ ಹೇಳುತ್ತಾರೆ. ‘ಗಂಗಕ್ಕಾ, ಸಮುದ್ರದಲ್ಲಿ ಗಾಳಿ ತಿರುಗ್ತು ಅಂದ್ರೆ ದೇವು ನಿನ್ನ ಕೇಳೂಕೆ ದಡಕ್ಕೆ ಬತ್ತಾನನಾ? ಅಲ್ಲೇ ಬೋಟು ತಿರುಗಿಸ್ತಾನೆ. ಇಲ್ಲಿ ಈಗ ಗಾಳಿ ತಿರುಗದೆ. ಮಧ್ಯಾಹ್ನದ ತನಕ ಹುಡ್ಗಿ ಇರುದಿಲ್ಲ.’

ಗಂಗಿ ಅತ್ತಿತ್ತ ನೋಡಿ, ಆಮೇಲೆ ತಾವೇ ಹೋಗಿ ಮೊಮ್ಮಗಳ ಟವೆಲು, ಚಾದರ ಹುಡುಕತೊಡಗುತ್ತಾರೆ.

‘ಇನ್ಸುಲಿನ್ ತಕ್ಕಂಬಾ ಪ್ರಿಯಾ, ಡಾಕ್ಟ್ರಿಗೆ ತೋರ್ಸ್ಬೇಕಾತದೆ’ ಎನ್ನುತ್ತಾರೆ ಮಾಸ್ತಮ್ಮ. ಮನೆಯಲ್ಲಿ ಫ್ರಿಜ್ ಇಲ್ಲ. ಒದ್ದೆ ಮರಳಿನಲ್ಲಿ ಮಡಕೆ ಹೂತು ಅದರೊಳಗೆ ಸೀಸೆ ಇಡುವುದನ್ನು ಅವರೇ ಕಲಿಸಿಕೊಟ್ಟಿದ್ದರು. ಮಡಕೆ ಅಡಿಗೆಮನೆಯ ಮೂಲೆಯಲ್ಲಿ ಕಾಣಿಸುತ್ತಲೇ ಇದೆ. ಆದರೆ ಪ್ರಿಯಾ ಅಲ್ಲಿಗೆ ಹೋಗುವುದಿಲ್ಲ. ಹಿತ್ತಿಲ ಬಾಗಿಲಿಗೆ ಹೋಗಿ ಮೀನು ತುಂಬುವ ಬಿಳಿ ಥರ್ಮಾಕೋಲ್ ಡಬ್ಬಿಯೊಂದನ್ನು ತರುತ್ತಾಳೆ. ಬಲೆಯ ದಾರದಿಂದ ಮುಚ್ಚಳ ಬಿಗಿದು ಕಟ್ಟಿದೆ. ಬಿಚ್ಚಿದರೆ ತುಂಬ ಪುಡಿ ಐಸು, ಮೇಲೆ ಕಲ್ಲುಪ್ಪು. ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಇನ್ಸುಲಿನ್ ಸೀಸೆ. ಒಳಗಿನ ಔಷಧಿ ಬೆಳ್ಳಗೆ ಗಡ್ಡೆ ಕಟ್ಟಿದೆ.

‘ಸೆಖೆ ಶುರುವಾದಾಗಿಂದ ನಮ್ಮ ಮನೆಯವ್ರೇ ಮಾಡಿಟ್ಟಿದ್ದು’ ಎನ್ನುತ್ತಾಳೆ ಪ್ರಿಯಾ, ಇನ್ನೂ ಏನೂ ಗೊತ್ತಾಗದೆ. ‘ಮಡಕೆ ತಣ್ಪು ಸಾಕಾಗುದಿಲ್ಲ ಅಂತ. ಬೋಟಿಂದ ಒಳ್ಳೆ ಐಸು ತತ್ತ್ರು, ಉಪ್ಪು ಹಾಕ್ತ್ರು. ಮೀನು ಇಟ್ಟಂಗೆ ಇಡಿ ಅಂತ ನೀವೇ ಹೇಳಿದ್ರಲ್ಲ ಅಕ್ಕಾ. ಹಾಕೂಕಿಂತ ಮೊದ್ಲು ನಾ ಅಂಗೈಯಲ್ಲಿ ಉಜ್ಜಿ ಕರಗಿಸ್ತೆ.’

ಇನ್ಸುಲಿನ್ ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಗಡ್ಡೆಯಾದ ಮೇಲೆ ಕರಗಿಸಿದರೆ ನೋಡಲು ಮೊದಲಿನಂತೆಯೇ ಇರಬಹುದು, ಅದನ್ನು ನಂಬಿ ಚುಚ್ಚುವಂತಿಲ್ಲ. ಉಪ್ಪು ಬೆರೆತ ಐಸು ಬರೀ ಐಸಿಗಿಂತ ಹೆಚ್ಚು ತಣ್ಣಗೆ ಕೊರೆಯುತ್ತದೆ ಎನ್ನುವುದು ಬೋಟಿನವರಿಗೆಲ್ಲ ಗೊತ್ತು. ಅಪ್ಪ ತನಗೆ ಗೊತ್ತಿದ್ದ ಅತಿ ಒಳ್ಳೆಯ ವಿದ್ಯೆಯನ್ನೇ ಮಗಳಿಗಾಗಿ ಬಳಸಿದ್ದಾನೆ. ಮಾಸ್ತಮ್ಮ ಬಂದಾಗಲೆಲ್ಲ ಪ್ರಿಯಾ ಸೀಸೆಯನ್ನು ಕರಗಿಸಿ ಕೈಯಲ್ಲೇ ತಂದು ತೋರಿಸುತ್ತಿದ್ದಳು. ಮುಟ್ಟಿದರೆ ತಣ್ಣಗಿತ್ತು. ಇಟ್ಟಿದ್ದೆಲ್ಲಿ ಎಂದು ಎದ್ದು ಹೋಗಿ ನೋಡಿದವರಿಲ್ಲ.

ಮಾಸ್ತಮ್ಮ ಹೊಸ್ತಿಲ ಮೇಲೆ ಕುಸಿದು ಕೂರುತ್ತಾರೆ. ಬೆಳಿಗ್ಗೆಯಿಂದ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ಅಯ್ಯೋ ದೇವ್ರೇ’ ಎನ್ನುತ್ತಾರೆ. ಆಮೇಲೆ ಇಡೀ ಕೇರಿಗೆ ಕೇಳುವ ಹಾಗೆ, ‘ಗಂಗಕ್ಕಾ, ಪ್ರಿಯಾ, ಇಲ್ಲಿ ಕೇಳಿ. ಹುಡ್ಗಿ ಎಂತದೂ ತಿನ್ಲಿಲ್ಲ. ಇಷ್ಟು ದಿನ ನಾವು ಸತ್ತ ಔಷಧಿ ಚುಚ್ಚಿದ್ದು. ದೇವೂಗೆ ಬೈಬೇಡಿ. ಮಾತು ನಂದು, ತಪ್ಪು ನಂದು.’

ಆಂಬುಲೆನ್ಸು ಕೇರಿಯ ಒಳಗೆ ಬರುವುದಿಲ್ಲ. ಒಣಗಲು ಹಾಕಿದ ಬಲೆಗಳನ್ನು ದಾಟಿಕೊಂಡು ಸ್ಮೃತಿಯನ್ನು ಮಾಸ್ತಮ್ಮನೇ ಎತ್ತಿಕೊಂಡು ಹೋಗುತ್ತಾರೆ, ಮೀನಿನ ಬುಟ್ಟಿ ಹೊತ್ತ ಮೈ ಗಟ್ಟಿಯೇ ಇದೆ. ಪ್ರಿಯಾ ಜೊತೆಗೆ ಹತ್ತುತ್ತಾಳೆ. ನನಗೆ ಜಾಗವಿಲ್ಲ. ಗಂಗಿ ಅಜ್ಜಿ ಮತ್ತು ನಾನು ರಸ್ತೆ ಬದಿಯಲ್ಲಿ ಉಳಿಯುತ್ತೇವೆ. ಬರೆಯಲು ಬಂದವರಿಗೆ ಇಂಥ ಹೊತ್ತಿನಲ್ಲಿ ಮಾಡಲು ಏನೂ ಇರುವುದಿಲ್ಲ. ಬಂದರದ ತುದಿಯಿಂದ ತುದಿಗೆ ನಡೆದೆ, ಫೋನು ತೆಗೆದು ನೋಡಿದೆ, ಮತ್ತೆ ನಡೆದೆ. ಚಹಾದಂಗಡಿಯವನು ‘ಯಾರಿಗೆ ಕಾಯುದು ನೀವು?’ ಎಂದು ಕೇಳಿದ. ಬೋಟು ಬರುವ ಕಡೆಗೆ ಕೈ ತೋರಿಸಿದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದೇವುವಿನ ಬೋಟು ಬಂತು. ಗಂಗಿ ಅಳುತ್ತಲೇ ಎಲ್ಲ ಹೇಳಿದರು. ಆತ ಮನೆಗೆ ಓಡಿ, ಅಂಗಳದಲ್ಲಿ ಬಿದ್ದಿದ್ದ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಐಸು ಅರ್ಧ ನೀರಾಗಿತ್ತು. ಅದರೊಳಗೆ ಕೈ ಇಟ್ಟು ನೋಡಿ ‘ಒಳ್ಳೆ ಐಸೇ ಆಗಿತ್ತಲ್ಲ’ ಎಂದ. ಆತ ಅಂಗಿ ಬದಲಿಸದೆ ಹಾಗೇ ದಕ್ಷಿಣದ ಬಸ್ಸು ಹತ್ತಿದ.

ಸಂಜೆ ಮಾಸ್ತಮ್ಮನ ಫೋನು ಬಂತು. ‘ಆತು. ಹುಡ್ಗಿ ಕಣ್ಣು ಬಿಡ್ತು.’ ಇಷ್ಟೇ ಹೇಳಿ ಇಟ್ಟರು. ಉಳಿದದ್ದನ್ನು ಆಮೇಲೆ ಪ್ರಿಯಾ ಹೇಳಿದಳು. ಕಣ್ಣು ಬಿಟ್ಟ ಸ್ಮೃತಿ ನೀರು ಕೇಳಲಿಲ್ಲ, ಅಪ್ಪನನ್ನೂ ಕೇಳಲಿಲ್ಲ. ‘ಅಜ್ಜಿಗೆ ಗೊತ್ತಾತಾ, ನಾ ತಿನ್ಲಿಲ್ಲ ಅಂತ?’ ಎಂದು ಕೇಳಿದಳು.

ಇಂಥ ಮಗುವನ್ನು ತಜ್ಞರ ಹತ್ತಿರ ಯಾವಾಗ ಕಳಿಸಬೇಕು? ಹೊನ್ನಾವರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಸುಚಿತಾ ನನ್ನ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತಾರೆ. ಕಾಯಿಲೆ ಗೊತ್ತಾದ ದಿನವೇ ಒಮ್ಮೆ ಕಳಿಸಬೇಕು, ನಾಳೆ ನಾಡಿದ್ದು ಎನ್ನಬಾರದು. ವಾಂತಿ, ಏದುಸಿರು, ಮಂಪರು ಇದ್ದರೆ ಗಳಿಗೆಯೂ ಕಾಯಬಾರದು. ಸಕ್ಕರೆ ಮೇಲಿಂದ ಮೇಲೆ ತೀರಾ ಕೆಳಗಿಳಿದು ಮಗು ಬೀಳುತ್ತಿದ್ದರೆ, ವಯಸ್ಸಿಗೆ ತಕ್ಕ ಹಾಗೆ ಬೆಳೆಯದಿದ್ದರೆ, ಡೋಸು ಏರಿಸಿದರೂ ಸಕ್ಕರೆಯ ಸರಾಸರಿ ಇಳಿಯದಿದ್ದರೆ ಆಗಲೂ ಕಳಿಸಬೇಕು. ‘ಈ ಕೊನೆಯದು ನನಗೆ ಗೊತ್ತಿದ್ದೇ ಇತ್ತು’ ಎನ್ನುತ್ತಾರೆ. ‘ಇನ್ನೊಂದು ತಿಂಗಳು ನೋಡೋಣ ಅಂದೆ. ಅಷ್ಟು ದೂರ ಓಡಾಡಿಸುವುದು ಯಾಕೆ ಅಂದುಕೊಂಡೆ. ಮಗು ಸಿಹಿ ತಿನ್ನುತ್ತಿದೆ ಎನ್ನುವುದು ಎಲ್ಲರಿಗೂ ಸುಲಭದ ಉತ್ತರವಾಯಿತು, ನನಗೂ.’

ಮಾಸ್ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ, ಕೈಯಲ್ಲಿ ಚೀಲ. ‘ಡಾಕ್ಟ್ರು ಹೇಳಿದ್ದೆಲ್ಲ ಖರೆ. ನಂದೂ ಒಂದು ಸೇರ್ಸ್ಕಳಿ’ ಎನ್ನುತ್ತಾರೆ. ‘ಮನೆಯವ್ರೆಲ್ಲ ಒಟ್ಟಾಗಿ ತಪ್ಪು ಹುಡ್ಗಿದೇ ಅಂದ್ರಾ, ಅವತ್ತೇ ಕಳ್ಸಿ. ನಮ್ಗೆ ಗೊತ್ತಾಗ್ಲಿಲ್ಲ ಅಂದಾಗಲೇ ನಾವು ಮಕ್ಕಳ ಮೇಲೆ ಹಾಕುದು.’ ಡಾಕ್ಟರ್ ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಕುಮಟಾ ಬಸ್ಸಿನ ಹೊತ್ತಾಯಿತೆಂದು ಮಾಸ್ತಮ್ಮ ಹೊರಟಾಗಿದೆ.

ಈ ದಿನಗಳಲ್ಲಿ ಅವರು ತಮ್ಮ ಎಲ್ಲ ಮನೆಗಳಿಗೂ ಮತ್ತೆ ಹೋಗುತ್ತಿದ್ದಾರೆ. ಪ್ರತಿ ಮನೆಯಲ್ಲೂ ಮೊದಲ ಮಾತು ಒಂದೇ. ‘ನಾ ನಿಮ್ಗೆ ತಪ್ಪು ಹೇಳಿದ್ದೆ. ಮೀನು ಇಟ್ಟಂಗೆ ಇಡ್ಬೇಡಿ.’ ಆಮೇಲೆ ಒಳಗೆ ನುಗ್ಗಿ ಸೀಸೆ ಎಲ್ಲಿದೆ ಎಂದು ತಾವೇ ಕಣ್ಣಾರೆ ನೋಡುತ್ತಾರೆ. ಹಳದೀಪುರದಲ್ಲಿ ಎಲ್ಲ ಸರಿಯಿತ್ತು. ಕುಮಟಾದ ಕಡಲಂಚಿನ ಮನೆಯೊಂದರಲ್ಲಿ ಫ್ರಿಜ್ ಇದ್ದರೂ ಸೀಸೆಯನ್ನು ಮೇಲಿನ ಐಸು ಕಟ್ಟುವ ಖಾನೆಯಲ್ಲಿ ಬಂಗಡೆಯ ಪಕ್ಕ ಇಟ್ಟಿದ್ದರು. ಹಿಂದಿನ ದಿನವಷ್ಟೇ ತಂದ ಹೊಸ ಸೀಸೆ. ಮಾಸ್ತಮ್ಮ ಅದನ್ನು ತೆಗೆದು ಚೀಲಕ್ಕೆ ಹಾಕಿ, ತಮ್ಮ ಹತ್ತಿರವಿದ್ದ ಬೇರೆ ಸೀಸೆಯನ್ನು ಕೆಳಗಿನ ಬಾಗಿಲ ಖಾನೆಯಲ್ಲಿಟ್ಟರು. ಹೊರಗೆ ಬಂದ ಮೇಲೆ, ನಿಮ್ಮ ತಪ್ಪನ್ನು ಹೀಗೆ ಮನೆಮನೆಗೆ ಹೋಗಿ ಹೇಳಿದರೆ ಜನ ನಂಬುವುದನ್ನು ಬಿಟ್ಟಾರು ಎಂದೆ. ‘ಬಿಡ್ಲಿ’ ಅಂದರು. ‘ನನ್ನ ಮಾತು ನಂಬಿದ್ದಕ್ಕೇ ಅಲ್ದಾ ಇಷ್ಟೆಲ್ಲ ಆದದ್ದು? ಎರಡು ಸಲ ತಿರುಗಿ ಕೇಳ್ಲಿ. ಅದು ಹೆಂಗೆ, ಇದು ಯಾಕೆ ಅಂತ ಕೇಳ್ಲಿ.’

ನಿನ್ನೆ ಮತ್ತೆ ಬಂದರ ಕೇರಿಗೆ ಅವರ ಜೊತೆ ಹೋಗಿದ್ದೆ. ಸ್ಮೃತಿ ದೊಡ್ಡಾಸ್ಪತ್ರೆಯಿಂದ ಬಂದು ಕೆಲವು ದಿನವಾಗಿದೆ. ತಜ್ಞರು ಊಟದ ಲೆಕ್ಕಕ್ಕೆ ಸರಿಯಾಗಿ ಇನ್ಸುಲಿನ್ ಹಾಕಿಕೊಳ್ಳುವುದನ್ನು ಅವಳಿಗೇ ಕಲಿಸಿ ಕಳಿಸಿದ್ದಾರೆ. ಕೆನ್ನೆ ತುಂಬುತ್ತಿದೆ. ಗಂಗಿ ಅಜ್ಜಿ ಮೊಮ್ಮಗಳ ಸುತ್ತಮುತ್ತಲೇ ಸುಳಿಯುತ್ತಾರೆ, ತಲೆ ಬಾಚಿದ ಮೇಲೆ ಮತ್ತೊಮ್ಮೆ ಬಾಚುತ್ತಾರೆ. ದೇವು ಮಡಕೆಯ ಮರಳಿಗೆ ನೀರು ಹನಿಸುತ್ತಿದ್ದಾನೆ.

ಮೀಟರ್ ನೋಡಿ ಆಯಿತು. ಅಂಕಿ ಚೆನ್ನಾಗಿಯೇ ಇದೆ. ಮಾಸ್ತಮ್ಮ ಎಂದಿನಂತೆ ಎದ್ದು ಹೊರಟಿದ್ದಾರೆ. ಆಗ ಸ್ಮೃತಿ ಅಡಿಗೆಮನೆಯಿಂದ ಒಂದು ಬಾಳೆಹಣ್ಣು ಹಿಡಿದುಕೊಂಡು ಬಂದಳು. ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಕೊನೆಗೆ ಮಾಸ್ತಮ್ಮನ ಮುಂದೆ ಬಂದು ನಿಂತಳು.

‘ಅಕ್ಕಾ, ಇದು ತಿನ್ಲಾ? ಲೆಕ್ಕ ಹಾಕಿ ಸೂಜಿ ತಕ್ಕಂಡೆ. ಬೇಕಾದ್ರೆ ಸೀಸೆ ನೋಡಿ.’

‘ತಿನ್ನೆ ಮಗಾ’ ಎಂದರು ಮಾಸ್ತಮ್ಮ. ಅವಳು ಸಿಪ್ಪೆ ಸುಲಿದಳು. ಅಷ್ಟೂ ಜನ ನೋಡುತ್ತಿರುವಂತೆ, ತಿಂದದ್ದು ಎಲ್ಲರಿಗೂ ಕಾಣಲಿ ಎಂಬಂತೆ, ಬಾಗಿಲ ಬೆಳಕಿನಲ್ಲಿ ನಿಂತು ತಿಂದಳು.

ಬಸ್‌ಸ್ಟಾಪಿಗೆ ಬಂದೆವು. ಬಸ್ಸು ದೂರದಲ್ಲಿ ಕಂಡ ಮೇಲೆ ನಾನು ಕೊನೆಯ ಪ್ರಶ್ನೆ ಕೇಳಿದೆ. ಇಷ್ಟು ವರ್ಷ ದುಡಿದಿದ್ದೀರಿ, ನಿಮಗೇನು ಬೇಕು? ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

‘ನಂಗೆ ಎಂತದೂ ಬೇಡ. ಆ ಹುಡ್ಗಿ ಒಂದಿನ ಯಾರನ್ನೂ ಕೇಳ್ದೆ, ಯಾರ ಮೋರೆನೂ ನೋಡ್ದೆ, ಒಂದು ಬಾಳೆಹಣ್ಣು ಸುಲ್ದು ತಿನ್ಬೇಕು. ನಾ ಇಲ್ದಾಗ ತಿಂದ್ರೂ ಅಡ್ಡಿಲ್ಲ.’